ಹಳೇ ಪಿಕಪ್ ರಿಪೇರಿ: ಯಾವುದಕ್ಕೆ ನಾವೇ ಕೈ ಹಾಕಬೇಕು, ಯಾವ ಸಾಮಾನು ಹಾಕಬೇಕು

ಇಪ್ಪತ್ತು ವರ್ಷ ದಾಟಿದ ಪಿಕಪ್ ಇಟ್ಟುಕೊಂಡವರಿಗೆ ಪ್ರತಿ ರಿಪೇರಿಯೂ ಒಂದು ಗೊಂದಲ. ನಾನೇ ಬಿಚ್ಚಲಾ, ಗ್ಯಾರೇಜಿಗೆ ಬಿಡಲಾ? ಕಂಪನಿ ಸಾಮಾನೇ ಬೇಕಾ, ಬೇರೆ ಬ್ರಾಂಡ್ ಸಾಕಾ, ಗುಜರಿಯಲ್ಲಿ ಸಿಕ್ಕಿದ್ದನ್ನು ಹಾಕಬಹುದಾ? ಬಹಳ ಜನ ಇದನ್ನು ದುಡ್ಡಿನ ಲೆಕ್ಕದಲ್ಲೇ ತೀರ್ಮಾನ ಮಾಡುತ್ತಾರೆ. ನಾನೂ ಮೊದಲು ಹಾಗೇ ಮಾಡುತ್ತಿದ್ದೆ.

ಈಗ ಬೇರೆ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ಕೆಲಸ ಕೈಕೊಟ್ಟರೆ ಗಾಡಿ ದಾರಿಯಲ್ಲಿ ನಿಂತುಹೋಗುತ್ತದೆಯೋ, ಇಲ್ಲಾ ನಿಲ್ಲಬೇಕಾದ ಕಡೆ ನಿಲ್ಲದೇ ಹೋಗುತ್ತದೆಯೋ? ಮೊದಲನೆಯದಾದರೆ ಧೈರ್ಯವಾಗಿ ಕೈ ಹಾಕುತ್ತೇನೆ, ಅಗ್ಗದ ಸಾಮಾನನ್ನೂ ಯೋಚಿಸುತ್ತೇನೆ. ಎರಡನೆಯದಾದರೆ ಉಳಿತಾಯದ ಮಾತೇ ಇಲ್ಲ. ಕೆಳಗೆ ಬರೆದಿರುವ ಹೋಲಿಕೆಗಳೆಲ್ಲ ಈ ಪ್ರಶ್ನೆಯಿಂದಲೇ ಹುಟ್ಟಿದವು.

ಮೊದಲು ಪರೀಕ್ಷೆ: ಮಲ್ಟಿಮೀಟರಾ, ಸ್ಕ್ಯಾನರಾ?

ನನ್ನ ಗಾಡಿ ಒಂದು ಸಲ ಬೆಳಿಗ್ಗೆ ಸ್ಟಾರ್ಟ್ ಆಗದೆ ಗೋಳಾಡಿಸುತ್ತಿತ್ತು. ಸೆಲ್ಫ್ ಹೊಡೆದರೆ ಎಂಜಿನ್ ನಿಧಾನವಾಗಿ ಎರಡು ಸುತ್ತು ತಿರುಗಿ ಸುಮ್ಮನಾಗುತ್ತಿತ್ತು. ಹೊಸ ಬ್ಯಾಟರಿ ಹಾಕಿದೆ, ಸರಿಹೋಗಲಿಲ್ಲ. ಸೆಲ್ಫ್ ಮೋಟರ್ ಬದಲಿಸಿದೆ, ಆಗಲೂ ಅದೇ ಕಥೆ. ಕೊನೆಗೆ ನೋಡಿದರೆ ಬ್ಯಾಟರಿಯಿಂದ ಎಂಜಿನ್‌ಗೆ ಹೋಗುವ ಅರ್ತ್ ಕೇಬಲ್‌ನ ತುದಿ ಒಳಗೇ ತುಕ್ಕು ಹಿಡಿದಿತ್ತು. ಹತ್ತು ನಿಮಿಷದ ಕೆಲಸ. ಅದಕ್ಕೆ ಎರಡು ದೊಡ್ಡ ಸಾಮಾನು ಕೊಂಡಿದ್ದೆ.

ಅದಕ್ಕೇ ಹೇಳುತ್ತೇನೆ, ಸಾಮಾನು ತರುವ ಮೊದಲು ವೋಲ್ಟ್ ಅಳೆಯುವ ಒಂದು ಸಾಧಾರಣ ಮಲ್ಟಿಮೀಟರ್ ತನ್ನಿ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ ಎಂದರ್ಥ. 12.2ರ ಹತ್ತಿರ ಬಂದರೆ ಅರ್ಧ ಖಾಲಿ. ಎಂಜಿನ್ ಓಡುವಾಗ 13.8ರಿಂದ 14.5 ಇರಬೇಕು. ಅಷ್ಟು ಬಾರದಿದ್ದರೆ ಬೆಲ್ಟ್, ವೈರ್, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಈ ಮೂರನ್ನು ನೋಡಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯ ಮೇಲೆ ಅನುಮಾನ ಪಡಿ.

ಇನ್ನೊಂದು ಪರೀಕ್ಷೆ ಇದೆ. ನಾನು ಮಾಡದೇ ಹೋದದ್ದು ಇದನ್ನೇ. ಮೀಟರ್‌ನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಎಂಜಿನ್‌ನ ಬರೀ ಲೋಹಕ್ಕೆ ಒತ್ತಿ ಹಿಡಿಯಿರಿ. ಬೇರೊಬ್ಬರು ಸೆಲ್ಫ್ ಹೊಡೆಯಲಿ. ಮೀಟರ್ ಅರ್ಧ ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ತೊಂದರೆ ಅರ್ತ್ ಕೇಬಲ್‌ನಲ್ಲಿದೆ. ಹಳೇ ಗಾಡಿಯಲ್ಲಿ ಲೈಟ್ ಮಂಕಾಗುವುದು, ಇಂಡಿಕೇಟರ್ ಅಡ್ಡಾದಿಡ್ಡಿ ಮಿನುಗುವುದು, ಡ್ಯಾಶ್‌ಬೋರ್ಡ್ ಮೀಟರ್‌ಗಳ ಮುಳ್ಳು ಕುಣಿಯುವುದು ಇವೆಲ್ಲಕ್ಕೂ ಬಹುಪಾಲು ಕಾರಣ ಅರ್ತ್ ಸರಿಯಿಲ್ಲದಿರುವುದೇ.

ಹಾಗಾದರೆ ಗಾಡಿಯ ಕಂಪ್ಯೂಟರ್‌ನಿಂದ ದೋಷದ ಕೋಡ್ ಓದುವ ಸ್ಕ್ಯಾನರ್ ಬೇಡವೇ? ಗಾಡಿ ಯಾವ ಕಾಲದ್ದು ಎಂಬುದರ ಮೇಲೆ ಹೋಗುತ್ತದೆ. ಅಮೆರಿಕದಲ್ಲಿ 1996ರಿಂದ ಕಾರು ಮತ್ತು ಸಣ್ಣ ಟ್ರಕ್ಕುಗಳಿಗೆ ಓಬಿಡಿ-2 ಎಂಬ 16 ಪಿನ್ನಿನ ಸಾಕೆಟ್ ಕಡ್ಡಾಯವಾಯಿತು. ಬೇರೆ ಕಡೆ ಅದು ತಡವಾಗಿ ಬಂತು. ನಿಮ್ಮ ಗಾಡಿಯಲ್ಲಿ ಆ ಸಾಕೆಟ್ ಇದ್ದರೆ ಸ್ಕ್ಯಾನರ್ ಕೆಲಸಕ್ಕೆ ಬರುತ್ತದೆ. ಆದರೆ ಅದು ಕೊಡುವ ಕೋಡ್ ಯಾವ ಕಡೆ ಹುಡುಕಬೇಕು ಎಂದು ಹೇಳುತ್ತದೆಯೇ ಹೊರತು ಯಾವ ಸಾಮಾನು ಬದಲಿಸಬೇಕು ಎಂದಲ್ಲ. ಆಕ್ಸಿಜನ್ ಸೆನ್ಸರ್ ಕೋಡ್ ಬಂತೆಂದು ಸೆನ್ಸರ್ ಬದಲಿಸಿ, ಆಮೇಲೆ ನಿಜವಾದ ಕಾರಣ ಸೈಲೆನ್ಸರ್ ಪೈಪಿನ ಸೀಳು ಎಂದು ಕಂಡವರು ಬೇಕಾದಷ್ಟು ಜನ. ಎರಡರಲ್ಲಿ ಒಂದನ್ನೇ ಕೊಳ್ಳುವುದಾದರೆ ಮಲ್ಟಿಮೀಟರ್ ಕೊಳ್ಳಿ.

ಗಾಡಿ ಎತ್ತುವುದು

ಇಲ್ಲಿ ನನ್ನ ಮಾತು ಕಟುವಾಗಿದ್ದರೂ ಪರವಾಗಿಲ್ಲ. ಜಾಕ್ ಇರುವುದು ಎತ್ತಲು ಮಾತ್ರ, ಹಿಡಿದು ನಿಲ್ಲಿಸಲು ಅಲ್ಲ. ಹೈಡ್ರಾಲಿಕ್ ಜಾಕ್‌ನ ಒಳಗಿನ ಒಂದು ಚಿಕ್ಕ ಸೀಲ್ ಸೋತರೆ ಗಾಡಿ ಕೆಳಗೆ ಬರುತ್ತದೆ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಕೈಯನ್ನೂ ಹಾಕಬೇಡಿ.

ರ‍್ಯಾಂಪ್ ಒಳ್ಳೆಯದೋ, ಸ್ಟ್ಯಾಂಡ್ ಒಳ್ಳೆಯದೋ? ರ‍್ಯಾಂಪ್ ಅಂದರೆ ಚಕ್ರ ಹತ್ತಿಸುವ ಇಳಿಜಾರು, ಸ್ಟ್ಯಾಂಡ್ ಅಂದರೆ ಎತ್ತಿದ ಗಾಡಿಯನ್ನು ಹಿಡಿದು ನಿಲ್ಲಿಸುವ ಕಾಲು. ಬರೀ ಎಂಜಿನ್ ಆಯಿಲ್ ಬದಲಿಸುವವರಿಗೆ ರ‍್ಯಾಂಪ್ ಸುಲಭ. ಗಾಡಿ ತನ್ನ ಚಕ್ರಗಳ ಮೇಲೇ ನಿಂತಿರುತ್ತದೆ. ಬ್ರೇಕ್, ಬೇರಿಂಗ್, ಸ್ಪ್ರಿಂಗ್ ಕೆಲಸಕ್ಕೆ ಚಕ್ರ ಬಿಚ್ಚಲೇಬೇಕು, ಆಗ ರ‍್ಯಾಂಪ್ ಉಪಯೋಗವಿಲ್ಲ. ಹಾಗಾಗಿ ಒಂದನ್ನೇ ತರುವುದಾದರೆ ಒಂದು ಜೊತೆ ಸ್ಟ್ಯಾಂಡ್. ಅದರ ಮೇಲೆ ಬರೆದಿರುವ ಭಾರದ ಮಿತಿ ನೋಡಿ, ನಿಮ್ಮ ಗಾಡಿಗೆ ಬೇಕಾದ್ದಕ್ಕಿಂತ ಒಂದು ಮಟ್ಟ ಮೇಲಿನದನ್ನೇ ಆರಿಸಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಮೇಲೆ ಯಾವತ್ತೂ ಗಾಡಿ ಕೂರಿಸಬೇಡಿ. ಅವು ಯಾವ ಸೂಚನೆಯೂ ಕೊಡದೆ ಪುಡಿಯಾಗುತ್ತವೆ.

ಹೆಚ್ಚಿನ ಪಿಕಪ್‌ಗಳಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ಹಿಂಭಾಗ ಎತ್ತಿದ ಕ್ಷಣ ಆ ಬ್ರೇಕ್ ಇದ್ದೂ ಇಲ್ಲದಂತೆ. ಮುಂದಿನ ಎರಡೂ ಚಕ್ರಕ್ಕೆ ಮುಂದೆ ಹಿಂದೆ ಅಡ್ಡ ಕೊಟ್ಟ ಮೇಲೆಯೇ ಜಾಕ್ ಮುಟ್ಟಿ.

ಆಯಿಲ್‌ಗಳಲ್ಲಿ ಯಾವುದು?

ಎಂಜಿನ್ ಆಯಿಲ್ ವಿಷಯದಲ್ಲಿ ವಾದ ಜಾಸ್ತಿ, ವ್ಯತ್ಯಾಸ ಕಮ್ಮಿ. ಕೈಪಿಡಿಯಲ್ಲಿ ಹೇಳಿದ ದಪ್ಪದ್ದು, ಹೇಳಿದ ದರ್ಜೆಯದು ಹಾಕಿ ಸಮಯಕ್ಕೆ ಬದಲಿಸಿದರೆ ಮಿನರಲ್ ಆಯಿಲ್‌ನಲ್ಲೇ ಹಳೇ ಎಂಜಿನ್ ಚೆನ್ನಾಗಿ ಬಾಳುತ್ತದೆ. ಸಿಂಥೆಟಿಕ್ ಹಾಕಿದರೆ ಚಳಿಯಲ್ಲಿ ಸ್ಟಾರ್ಟ್ ಸುಲಭ, ಬಿಸಿಯಲ್ಲೂ ಬೇಗ ಕೆಡುವುದಿಲ್ಲ. ಸಿಂಥೆಟಿಕ್ ಹಾಕಿದ ಮೇಲೆ ಸೋರಲು ಶುರುವಾಯಿತು ಎನ್ನುವವರಿದ್ದಾರೆ. ಅಲ್ಲಿ ಸೀಲ್ ಮೊದಲೇ ಸವೆದಿರುತ್ತದೆ. ಮಡ್ಡಿ ಅದನ್ನು ಮುಚ್ಚಿಕೊಂಡಿರುತ್ತದೆ, ಮಡ್ಡಿ ತೊಳೆದುಹೋದಾಗ ಸೋರಿಕೆ ಕಾಣುತ್ತದೆ ಅಷ್ಟೆ.

ನಿಜವಾಗಿ ಹುಷಾರಾಗಿರಬೇಕಾದ್ದು ಗೇರ್ ಆಯಿಲ್‌ನಲ್ಲಿ. ಡಬ್ಬಿಯ ಮೇಲೆ ಜಿಎಲ್-4, ಜಿಎಲ್-5 ಎಂದು ಬರೆದಿರುತ್ತದೆ. 5 ಅಂದರೆ 4ಕ್ಕಿಂತ ಮೇಲು ಅಂದುಕೊಳ್ಳುವುದು ಸಹಜ. ಹಾಗಲ್ಲ, ಎರಡರ ಕೆಲಸವೇ ಬೇರೆ. ಹಿಂದಿನ ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ನಲ್ಲಿ ಹಲ್ಲುಗಳು ಒಂದರ ಮೇಲೊಂದು ಉಜ್ಜುತ್ತಾ ಭಾರೀ ಒತ್ತಡದಲ್ಲಿ ತಿರುಗುತ್ತವೆ. ಅದನ್ನು ತಡೆಯಲು ಜಿಎಲ್-5ರಲ್ಲಿ ಗಂಧಕ ಮತ್ತು ರಂಜಕದ ಅಂಶ ಜಾಸ್ತಿ ಹಾಕಿರುತ್ತಾರೆ. ಅದೇ ಆಯಿಲ್ ಹಳೇ ಮ್ಯಾನುಯಲ್ ಗೇರ್ ಬಾಕ್ಸ್‌ಗೆ ಹೋದರೆ ಗೇರ್ ಸಲೀಸಾಗಿ ಬೀಳಲು ನೆರವಾಗುವ ಒಳಗಿನ ಹಿತ್ತಾಳೆಯ ಸಿಂಕ್ರೊ ರಿಂಗ್‌ಗಳಿಗೆ ತೊಂದರೆ. ಗೇರ್ ಬೀಳುವಾಗ ಕಿರ್ರೆನ್ನುತ್ತದೆ, ರಿಂಗ್ ಬೇಗ ಸವೆಯುತ್ತದೆ. ಆದ್ದರಿಂದ ಕೈಪಿಡಿ ಬೇರೆ ಏನೂ ಹೇಳದಿದ್ದರೆ ಡಿಫರೆನ್ಷಿಯಲ್‌ಗೆ 5, ಹಿತ್ತಾಳೆ ರಿಂಗ್ ಇರುವ ಗೇರ್ ಬಾಕ್ಸ್‌ಗೆ 4. ಎರಡಕ್ಕೂ ಒಂದೇ ಡಬ್ಬಿ ತಂದು ಮುಗಿಸುವ ಆಸೆ ಬೇಡ.

ಇನ್ನೊಂದು ವಿಷಯ. ಹಳೇ ಆಯಿಲ್ ಬಿಡುವ ಮೊದಲು ತುಂಬಿಸುವ ಬೋಲ್ಟ್ ಬಿಚ್ಚಲು ಬರುತ್ತದೆಯಾ ನೋಡಿ. ಕೆಳಗಿನ ಬೋಲ್ಟ್ ಬಿಚ್ಚಿ ಎಲ್ಲ ಸುರಿಸಿದ ಮೇಲೆ ಮೇಲಿನದು ತುಕ್ಕು ಹಿಡಿದು ಕೂತಿದ್ದರೆ ಗಾಡಿ ಅಲ್ಲೇ ಬಂದಿ.

ಬ್ರೇಕ್ ಆಯಿಲ್ ನಮ್ಮ ಪ್ರಶ್ನೆಯ ಎರಡನೇ ಕಡೆಗೆ, ಅಂದರೆ ಗಾಡಿ ನಿಲ್ಲದೇ ಹೋಗುವ ಕಡೆಗೆ ಸೇರಿದ್ದು. ಡಾಟ್ 3 ಮತ್ತು ಡಾಟ್ 4 ಎಂಬ ದರ್ಜೆಗಳೆರಡೂ ಗಾಳಿಯ ತೇವ ಹೀರುತ್ತವೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಇದು 230 ಮತ್ತು 155. ಭಾರ ಹೊತ್ತು ಇಳಿಜಾರು ಇಳಿಯುವಾಗ ಬ್ರೇಕ್ ಕಾದು, ಆಯಿಲ್ ಕುದ್ದು, ಪೆಡಲ್ ಒಳಕ್ಕೆ ಹೋಗುವುದು ಈ ಕಾರಣಕ್ಕೇ. ಪಿಕಪ್‌ನಲ್ಲಿ ಭಾರ ಹೊರುವವರಾದರೆ ಡಾಟ್ 4 ಹಾಕಿ, ಎರಡು ವರ್ಷಕ್ಕೊಮ್ಮೆ ಬದಲಿಸಿ. ಡಾಟ್ 5 ಮಾತ್ರ ಸಿಲಿಕೋನ್, ಅದನ್ನು ಇವುಗಳ ಜೊತೆ ಬೆರೆಸಲೇಬಾರದು.

ಎಂಜಿನ್ ತಂಪಾಗಿಡುವ ಕೂಲೆಂಟ್‌ನ ಬಣ್ಣ ನಂಬಬೇಡಿ. ಹಸಿರು, ಕೆಂಪು, ಗುಲಾಬಿ ಎಂಬುದು ಒಂದೊಂದು ಕಂಪನಿಗೆ ಒಂದೊಂದು ರೀತಿ. ಒಳಗಿರುವುದು ಯಾವುದೆಂದು ಗೊತ್ತಿಲ್ಲದಿದ್ದರೆ ಪೂರ್ತಿ ತೊಳೆದು ಒಂದೇ ಬಗೆಯದನ್ನು ತುಂಬಿಸಿ.

ಕಂಪನಿಯದಾ, ಬೇರೆ ಬ್ರಾಂಡಾ, ಗುಜರಿಯದಾ?

ಗುಜರಿ ಸಾಮಾನಿನ ಬಗ್ಗೆ ನನಗೆ ಪ್ರೀತಿಯಿದೆ. ಬಾಗಿಲು, ಡಾಲಾದ (ಹಿಂದೆ ಸಾಮಾನು ತುಂಬುವ ಭಾಗದ) ಹಿಂಬಾಗಿಲು, ಬಂಪರ್, ಗಾಜು, ಸೀಟು, ಕನ್ನಡಿ, ಸ್ವಿಚ್ಚು ಇವುಗಳಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಕಾರ್ಖಾನೆಯಿಂದ ಬಂದ ಹಳೇ ಬಾಗಿಲು ಹೊಸದಾಗಿ ಮಾಡಿದ ಅಗ್ಗದ ಬಾಗಿಲಿಗಿಂತ ಎಷ್ಟೋ ಚೆನ್ನಾಗಿ ಕೂರುತ್ತದೆ. ಆದರೆ ರಬ್ಬರ್ ಇರುವುದು, ಸವೆಯುವುದು, ಗಾಡಿಯನ್ನು ನಿಲ್ಲಿಸುವುದು, ತಿರುಗಿಸುವುದು ಇವನ್ನು ಅಲ್ಲಿಂದ ತರಬೇಡಿ. ಬ್ರೇಕ್ ಹೋಸ್ ಹೊರಗಿನಿಂದ ಗಟ್ಟಿಯಾಗಿ ಕಂಡರೂ ಒಳಗೆ ಊದಿಕೊಂಡು ದಾರಿ ಮುಚ್ಚಿರಬಹುದು. ಬಾಲ್ ಜಾಯಿಂಟ್, ಟೈ ರಾಡ್ ತುದಿಗಳು ಎಷ್ಟು ದೂರ ಓಡಿವೆ ಎಂದು ನೋಡಿ ಹೇಳಲು ಆಗುವುದಿಲ್ಲ.

ಹೊಸದು ಕೊಳ್ಳುವಾಗ ಕಂಪನಿಯದೇ ಬೇಕೆಂದು ನಾನು ಹಟ ಹಿಡಿಯುವುದು ಸೆನ್ಸರ್‌ಗಳಿಗೆ, ಥರ್ಮೊಸ್ಟಾಟ್‌ಗೆ, ಮುಖ್ಯ ಆಯಿಲ್ ಸೀಲ್‌ಗಳಿಗೆ. ಅಗ್ಗದ ಸೀಲ್ ಹಾಕಿ ಅದೇ ಗೇರ್ ಬಾಕ್ಸ್ ಮತ್ತೆ ಇಳಿಸುವುದಿದೆಯಲ್ಲ, ಆ ದಣಿವು ಯಾರಿಗೂ ಬೇಡ. ಬೇರಿಂಗ್, ಫಿಲ್ಟರ್, ಬೆಲ್ಟ್, ಪ್ಲಗ್ ಇವನ್ನು ವಾಹನ ಕಂಪನಿ ತಾನೇ ಮಾಡುವುದು ಅಪರೂಪ. ಅವನ್ನು ಮಾಡಿಕೊಡುವ ಒಳ್ಳೆಯ ತಯಾರಕರ ಹೆಸರಿನಲ್ಲೇ ತೆಗೆದುಕೊಂಡರೆ ಅದೇ ಗುಣಮಟ್ಟ ಕಡಿಮೆ ಬೆಲೆಗೆ ಬರುತ್ತದೆ.

ಸೆಲ್ಫ್ ಮೋಟರ್, ಆಲ್ಟರ್ನೇಟರ್ ಇವಕ್ಕೆ ನಾಲ್ಕನೇ ದಾರಿಯೂ ಇದೆ. ನಿಮ್ಮದನ್ನೇ ಬಿಚ್ಚಿ ರಿಪೇರಿ ಮಾಡಿಸುವುದು. ಹಳೇ ಗಾಡಿಯ ಮೂಲ ಮೋಟರ್‌ನ ಮೈಕಟ್ಟು ಗಟ್ಟಿ. ಒಳಗೆ ಹೋಗಿರುವುದು ಸಾಮಾನ್ಯವಾಗಿ ಕಾರ್ಬನ್ ಬ್ರಷ್, ಬುಷ್ ಅಥವಾ ಬೇರಿಂಗ್. ಅಷ್ಟನ್ನೇ ಹೊಸದು ಹಾಕಿದರೆ ಅದು ಅಗ್ಗದ ಹೊಸ ಮೋಟರ್‌ಗಿಂತ ಜಾಸ್ತಿ ಬಾಳಬಹುದು. ನಾನು ಈಗ ಇದನ್ನೇ ಮೊದಲು ಯೋಚಿಸುತ್ತೇನೆ.

ಬ್ರೇಕ್ ಕೆಲಸ ನಾವೇ ಮಾಡಬಹುದಾ?

ಮಾಡಬಹುದು, ಆದರೆ ಮೊದಲ ಸಲ ಗೊತ್ತಿರುವವರ ಜೊತೆ ಕೂತು ಮಾಡಿ. ಡಿಸ್ಕ್ ಪ್ಯಾಡ್ ಬದಲಿಸುವುದು ಸುಲಭ. ಹಿಂದಿನ ಡ್ರಮ್ ಹಾಗಲ್ಲ. ಅದರೊಳಗೆ ಸ್ಪ್ರಿಂಗ್, ಕೊಕ್ಕೆ, ಅಡ್ಜಸ್ಟರ್ ಎಲ್ಲ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಎರಡೂ ಕಡೆ ಒಟ್ಟಿಗೆ ಬಿಚ್ಚಬೇಡಿ. ಒಂದು ಕಡೆ ಮುಗಿಯುವವರೆಗೆ ಇನ್ನೊಂದು ಕಡೆ ನಿಮಗೆ ನಕ್ಷೆಯಂತೆ ಇರುತ್ತದೆ. ಬಹಳ ಹಳೇ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇದ್ದಿರಬಹುದು, ಆದ್ದರಿಂದ ಡ್ರಮ್ ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬಾರದು. ಒದ್ದೆ ಮಾಡಿ ಬಟ್ಟೆಯಲ್ಲಿ ಒರೆಸಿ.

ಇಲ್ಲಿ ಪಿಕಪ್‌ಗೇ ಸೇರಿದ ಒಂದು ಸೂಕ್ಷ್ಮ ಇದೆ. ಬಹಳಷ್ಟು ಪಿಕಪ್‌ಗಳಲ್ಲಿ ಚಾಸಿಸ್ ಮತ್ತು ಹಿಂದಿನ ಆಕ್ಸಲ್ ನಡುವೆ ಒಂದು ಕಡ್ಡಿ, ಅದಕ್ಕೊಂದು ವಾಲ್ವ್ ಇರುತ್ತದೆ. ಡಾಲಾಗೆ ಭಾರ ಬಿದ್ದು ಗಾಡಿ ತಗ್ಗಿದರೆ ಅದು ಹಿಂದಿನ ಬ್ರೇಕ್‌ಗೆ ಒತ್ತಡ ಹೆಚ್ಚಿಸುತ್ತದೆ. ಖಾಲಿ ಇದ್ದಾಗ ಕಮ್ಮಿ ಮಾಡುತ್ತದೆ, ಇಲ್ಲದಿದ್ದರೆ ಹಿಂದಿನ ಚಕ್ರ ಲಾಕ್ ಆಗಿ ಗಾಡಿ ಜಾರುತ್ತದೆ. ಚಾಸಿಸ್ ಎತ್ತಿ ಆಕ್ಸಲ್ ಜೋತುಬಿದ್ದಿರುವಾಗ ಬ್ರೇಕ್‌ನ ಗಾಳಿ ತೆಗೆಯಲು ಹೋದರೆ ವಾಲ್ವ್ ಗಾಡಿ ಖಾಲಿ ಇದೆ ಅಂದುಕೊಂಡು ಆಯಿಲ್ ಸರಿಯಾಗಿ ಬಿಡುವುದಿಲ್ಲ. ಭಾರ ಆಕ್ಸಲ್ ಮೇಲಿದ್ದಾಗಲೇ ಗಾಳಿ ತೆಗೆಯಿರಿ.

ಕೆಲಸ ಮುಗಿದ ಮೇಲೆ ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದರೆ ಆ ಗಾಡಿ ರಸ್ತೆಗೆ ಇಳಿಯಬಾರದು. ಮೆಕ್ಯಾನಿಕ್‌ನನ್ನು ಗಾಡಿ ಇರುವಲ್ಲಿಗೇ ಕರೆಸಿ.

ಹಿಂಭಾಗ ಕುಸಿದಿದ್ದರೆ

ವರ್ಷಗಟ್ಟಲೆ ಭಾರ ಹೊತ್ತ ಲೀಫ್ ಸ್ಪ್ರಿಂಗ್ (ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು) ಚಪ್ಪಟೆಯಾಗುತ್ತದೆ. ಆಗ ಮುಂದಿರುವ ದಾರಿಗಳು ಮೂರು. ಹಳೇ ಪಟ್ಟಿಗಳನ್ನೇ ಮತ್ತೆ ಬಾಗಿಸುವುದು ಅಗ್ಗ, ಆದರೆ ಉಕ್ಕಿನ ದಣಿವು ಹಾಗೇ ಉಳಿದಿರುತ್ತದೆ, ಬೇಗ ಮತ್ತೆ ಕುಸಿಯುತ್ತದೆ. ಒಂದು ಪಟ್ಟಿ ಹೆಚ್ಚಿಗೆ ಸೇರಿಸಿದರೆ ಹಿಂಭಾಗ ಮೇಲೇಳುತ್ತದೆ, ಆದರೆ ಖಾಲಿ ಗಾಡಿ ಕುಕ್ಕುತ್ತದೆ, ಹಳೇ ಪಟ್ಟಿಗಳಲ್ಲಿ ಬಿರುಕಿದ್ದರೆ ಅದೂ ಹಾಗೇ ಇರುತ್ತದೆ. ಪೂರ್ತಿ ಹೊಸ ಸೆಟ್ ದುಬಾರಿ. ಗಾಡಿಯನ್ನು ಇನ್ನೂ ಕೆಲವು ವರ್ಷ ದುಡಿಸುವ ಆಸೆಯಿದ್ದರೆ ನಾನು ಅದನ್ನೇ ಆರಿಸುತ್ತೇನೆ. ಬರೀ ಅಪರೂಪಕ್ಕೆ ಭಾರ ಹಾಕುವವರಿಗೆ ಒಂದು ಪಟ್ಟಿ ಸೇರಿಸುವುದು ಸಾಕಾಗಬಹುದು. ಒಂದು ನೆನಪಿರಲಿ: ಎಷ್ಟೇ ಪಟ್ಟಿ ಸೇರಿಸಿದರೂ ಗಾಡಿ ಹೊರಬಹುದಾದ ಭಾರ ಹೆಚ್ಚಾಗುವುದಿಲ್ಲ. ಬ್ರೇಕ್, ಆಕ್ಸಲ್, ಟೈರು ಅವೇ ಇರುತ್ತವಲ್ಲ.

ಯಾವ ದಾರಿ ಹಿಡಿದರೂ ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯೂ ಬೋಲ್ಟ್ ಹೊಸದೇ ಹಾಕಿ. ಒಮ್ಮೆ ಬಿಗಿದಾಗ ಅವು ಹಿಗ್ಗಿರುತ್ತವೆ, ಮತ್ತೆ ಅದೇ ಹಿಡಿತ ಕೊಡುವುದಿಲ್ಲ. ರಬ್ಬರ್ ಬುಷ್ ಇರುವ ಬೋಲ್ಟ್‌ಗಳನ್ನು ಗಾಡಿ ನೆಲಕ್ಕಿಳಿದ ಮೇಲೆ ಕೊನೆಯದಾಗಿ ಬಿಗಿಯಿರಿ. ಗಾಳಿಯಲ್ಲಿದ್ದಾಗಲೇ ಬಿಗಿದರೆ ಬುಷ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಈ ಕೆಲಸ ನೋಡಲು ಬರೀ ಸ್ಪ್ರಿಂಗ್ ಕೆಲಸ. ಆದರೆ ಮೇಲೆ ಹೇಳಿದ ವಾಲ್ವ್ ನೆನಪಿದೆಯಲ್ವಾ? ಹಿಂಭಾಗವನ್ನು ಮೊದಲಿಗಿಂತ ಎತ್ತರಿಸಿದರೆ ಭಾರ ತುಂಬಿದಾಗಲೂ ವಾಲ್ವ್‌ಗೆ ಗಾಡಿ ಖಾಲಿ ಎಂದೇ ಕಾಣುತ್ತದೆ. ಹಿಂದಿನ ಬ್ರೇಕ್ ಕಮ್ಮಿ ಹಿಡಿಯುತ್ತದೆ. ಹಾಗಾಗಿ ಕಡ್ಡಿಯನ್ನು ಹೊಸ ಎತ್ತರಕ್ಕೆ ಸರಿಹೊಂದಿಸದೆ ಕೆಲಸ ಮುಗಿಯಿತು ಅನ್ನಬೇಡಿ.

ಗ್ರೀಸ್ ಹೊಡೆಯುವ ಕ್ರಾಸಾ, ಸೀಲ್ ಆದ ಕ್ರಾಸಾ?

ಗೇರ್ ಹಾಕಿ ಕ್ಲಚ್ ಬಿಟ್ಟಾಗ ಕೆಳಗೆ ಟಣ್ ಎನ್ನುವ ಸದ್ದು ಬಂದರೆ ಮೊದಲು ಗೇರ್ ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್ (ಅದರ ತುದಿಯ ಶಿಲುಬೆಯಾಕಾರದ ಕೀಲು) ನೋಡಿ. ನಿಪ್ಪಲ್ ಇರುವ ಕ್ರಾಸ್‌ಗೆ ಗ್ರೀಸ್ ಹೊಡೆಯುತ್ತಾ ಇದ್ದರೆ ಅದು ಬಹುಕಾಲ ಬರುತ್ತದೆ, ಕೆಸರು ನೀರಲ್ಲಿ ಓಡಾಡುವವರಿಗೆ ಅದೇ ಸರಿ. ಸೀಲ್ ಆದದ್ದರಲ್ಲಿ ಒಳಗೆ ತೂತು ಕೊರೆದಿರುವುದಿಲ್ಲ, ಆದ್ದರಿಂದ ಗಟ್ಟಿ. ಗ್ರೀಸ್ ಗನ್ ಮುಟ್ಟುವ ಅಭ್ಯಾಸ ನಿಮಗಿಲ್ಲದಿದ್ದರೆ ಅದನ್ನೇ ಹಾಕಿ. ಶಾಫ್ಟ್ ಬಿಚ್ಚುವ ಮೊದಲು ಎರಡೂ ಫ್ಲ್ಯಾಂಜ್ ಮೇಲೆ ಬಣ್ಣದ ಗುರುತು ಹಾಕಿ, ಅದೇ ಜಾಗಕ್ಕೆ ಕೂರಿಸಿ. ಇಲ್ಲದಿದ್ದರೆ ಇಲ್ಲದ ಅದುರು ಶುರುವಾಗುತ್ತದೆ.

ಬಿಟ್ಟುಬಿಡಬೇಕಾದ ಕೆಲಸಗಳು

ಡೀಸೆಲ್ ಪಂಪ್ ಮತ್ತು ಇಂಜೆಕ್ಟರ್‌ಗಳನ್ನು ಅದರ ಪರಿಣತರಿಗೇ ಬಿಡಿ. ಫಿಲ್ಟರ್ ಬದಲಿಸಿ, ನೀರು ಇಳಿಸಿ, ಕೈ ಪಂಪ್ ಒತ್ತಿ ಗಾಳಿ ತೆಗೆಯುವವರೆಗೆ ನಮ್ಮ ಕೆಲಸ. ಎಂಜಿನ್ ಓಡುವಾಗ ಹೈ ಪ್ರೆಶರ್ ಪೈಪ್ ಸೋರುತ್ತಿದೆಯಾ ಎಂದು ಕೈಯಿಂದ ಮುಟ್ಟಿ ನೋಡಲೇಬೇಡಿ. ಆ ಸೂಜಿಯಂಥ ಧಾರೆ ಚರ್ಮದೊಳಕ್ಕೆ ನುಗ್ಗುತ್ತದೆ. ಗಾಯ ಚಿಕ್ಕದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಸ್ಥಿತಿ ಅದು. ಡಿಫರೆನ್ಷಿಯಲ್ ಹಲ್ಲುಗಳ ಹೊಂದಾಣಿಕೆಯೂ ಅಷ್ಟೆ, ಅಳತೆಯ ಉಪಕರಣ ಮತ್ತು ಅನುಭವ ಎರಡೂ ಬೇಕು.

ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ಮಾಡುವ ಟೈಮಿಂಗ್ ಬೆಲ್ಟ್ ನಡುವಿನದು. ಹಲವು ಎಂಜಿನ್‌ಗಳಲ್ಲಿ ಗುರುತು ಒಂದೆರಡು ಹಲ್ಲು ತಪ್ಪಿದರೂ ವಾಲ್ವ್‌ಗೆ ಪಿಸ್ಟನ್ ಬಡಿಯಬಹುದು. ಗಾಡಿ ನಿಲ್ಲುತ್ತದೆ ಸರಿ, ಎಂಜಿನ್‌ ಕೂಡ ಜೊತೆಗೇ ಹೋಗುತ್ತದೆ. ಕೈಪಿಡಿ ಎದುರಿಗಿಟ್ಟುಕೊಂಡು, ಬೆಲ್ಟ್ ಹಾಕಿದ ಮೇಲೆ ಕೈಯಿಂದ ಎಂಜಿನ್ ಎರಡು ಪೂರ್ತಿ ಸುತ್ತು ತಿರುಗಿಸಿ ಗುರುತು ನೋಡುವ ತಾಳ್ಮೆ ಇದ್ದವರು ಮಾಡಬಹುದು. ಕ್ಲಚ್‌ಗೆ ಗೇರ್ ಬಾಕ್ಸ್ ಇಳಿಸಬೇಕು. ಇಬ್ಬರು ಮತ್ತು ಗೇರ್ ಬಾಕ್ಸ್ ಜಾಕ್ ಇಲ್ಲದಿದ್ದರೆ ಬೇಡ.

ತುಕ್ಕು

ಡಾಲಾದ ಬದಿ, ಬಾಗಿಲ ಕೆಳಗೆ ಬಂದ ತುಕ್ಕು ನೋಡಲು ಕೆಟ್ಟದಾಗಿರುತ್ತದೆ, ಅಷ್ಟೆ. ಕೆರೆದು, ಪ್ರೈಮರ್ ಹೊಡೆದು, ಬಣ್ಣ ಬಳಿಯಬಹುದು. ಪೂರ್ತಿ ಕೆರೆಯಲು ಬಾರದ ಕಡೆ ತುಕ್ಕು ಕನ್ವರ್ಟರ್ ನಡೆಯುತ್ತದೆ. ಚಾಸಿಸ್‌ನ ತುಕ್ಕು ಬೇರೆ. ಲೀಫ್ ಸ್ಪ್ರಿಂಗ್ ತೂಗುವ ಜಾಗ, ಹಿಂದಿನ ಚಕ್ರದ ಮೇಲ್ಭಾಗ, ಅಡ್ಡ ತೊಲೆಗಳು ಸೇರುವ ಮೂಲೆ ಇಲ್ಲೆಲ್ಲ ಕೆಸರು ಕೂತು ಒಳಗಿನಿಂದ ತಿನ್ನುತ್ತದೆ. ಹೊರಗೆ ಬಳಿದ ಕಪ್ಪು ಬಣ್ಣ ಚೆನ್ನಾಗಿಯೇ ಕಾಣುತ್ತದೆ.

ಚಿಕ್ಕ ಸುತ್ತಿಗೆ ತೆಗೆದುಕೊಂಡು ಉದ್ದಕ್ಕೂ ಬಡಿಯುತ್ತಾ ಹೋಗಿ. ಗಟ್ಟಿ ಉಕ್ಕು ಗಂಟೆಯಂತೆ ನಾದ ಕೊಡುತ್ತದೆ. ತಿಂದುಹೋದ ಕಡೆ ಸದ್ದು ಸತ್ತಂತೆ ಕೇಳುತ್ತದೆ, ಪದರ ಉದುರುತ್ತದೆ. ಅಲ್ಲಿ ಸ್ಕ್ರೂ ಡ್ರೈವರ್ ಒತ್ತಿದಾಗ ಒಳಗೆ ಹೋದರೆ ಪುಟ್ಟಿ, ಫೈಬರ್, ತೆಳು ತಗಡು ಯಾವುದೂ ಪರಿಹಾರವಲ್ಲ. ಚಾಸಿಸ್ ವೆಲ್ಡಿಂಗ್ ಬಲ್ಲವರಿಗೆ ತೋರಿಸಿ, ಅವರು ಆಗದು ಅಂದರೆ ಒಪ್ಪಿಕೊಳ್ಳಿ. ಹಾಗಾಗಿ ಹೊಸ ಸ್ಪ್ರಿಂಗ್ ಸೆಟ್‌ಗೋ ಕ್ಲಚ್‌ಗೋ ದುಡ್ಡು ಕೊಡುವ ಮೊದಲು, ಒಂದು ಬೆಳಿಗ್ಗೆ ಸುತ್ತಿಗೆ, ಟಾರ್ಚ್ ಹಿಡಿದು ಗಾಡಿಯ ಕೆಳಗೆ ಮಲಗಿ ಚಾಸಿಸ್ ಪೂರ್ತಿ ಬಡಿದು ನೋಡಿ.